ಜಗಲಿಯ ಅಂಚೆಯವನು

ಗೋವೆಯ ಹಳೆಯ ಮನೆಗಳ ಮುಂಭಾಗದಲ್ಲಿ, ನಾಲ್ಕಾರು ಮೆಟ್ಟಿಲುಗಳನ್ನೇರಿದೊಡನೆ, ಎದುರುಬದುರಾಗಿ ಕಟ್ಟಿದ ಎರಡು ಆಸನಗಳುಳ್ಳ ಒಂದು ಪುಟ್ಟ ಜಗಲಿಯಿರುತ್ತದೆ. ಪೋರ್ತುಗೀಜರ ಬಾಯಿಂದ ಬಂದು ಕೊಂಕಣಿಯ ನಾಲಗೆಯಲ್ಲಿ ಪಳಗಿದ ‘ಬಾಲ್ಕಾಂವ್’ ಎಂಬುದು ಅದರ ಹೆಸರು. ಸಂಜೆಯ ಬಿಸಿಲಿಳಿದ ಮೇಲೆ ಮನೆಯವರು ಅಲ್ಲಿ ಕುಳಿತು, ದಾರಿಹೋಕರನ್ನು ಮಾತನಾಡಿಸಿ, ಯಾರ ಮಗ ಕುವೈತಿನಿಂದ ಬಂದ, ಯಾರ ಗುಡ್ಡದ ಮೇಲೆ ಯಾವ ಗಣಿಯವನ ಕಣ್ಣು ಬಿದ್ದಿದೆ ಎಂಬಿತ್ಯಾದಿ ಸಮಾಚಾರಗಳನ್ನು ಕೊಟ್ಟು ಕೊಂಡು ಕತ್ತಲಾಗುವವರೆಗೆ ಕಾಲ ಕಳೆಯುವುದು ಇಲ್ಲಿನ ವಾಡಿಕೆ. ಆದರೆ ಆ ಜಗಲಿಯಲ್ಲಿ ಕೂರಬೇಕಾದವರೆಲ್ಲ ಲಿಸ್ಬನ್, ನೈರೋಬಿ, ಟೊರಾಂಟೊ, ದುಬೈಗಳಿಗೆ ಚದುರಿಹೋದ ಬಳಿಕ ಊರಿನ ಮಾತು ಅವರಿಗೆ ಮುಟ್ಟುವ ಬಗೆ ಹೇಗೆ?

ಈ ಪ್ರಶ್ನೆಗೆ 1994ರಲ್ಲಿ ಒಂದು ಉತ್ತರ ದೊರೆಯಿತು. ಅಮೆರಿಕದಲ್ಲಿದ್ದ ಹರ್ಮನ್ ಕಾರ್ನೆಯ್ರೊ ಎಂಬ ಹದಿಹರೆಯದ ವಿದ್ಯಾರ್ಥಿ ‘ಗೋವಾನೆಟ್’ ಎಂಬ ಮೇಲಿಂಗ್ ಲಿಸ್ಟೊಂದನ್ನು ಆರಂಭಿಸಿದನು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಜನಸಾಮಾನ್ಯರಿಗೆ ಇಂಟರ್ನೆಟ್ಟಿನ ಬಾಗಿಲನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಎಂದರೆ ಗೋವೆಯ ಈ ಜಗಲಿ ಗೋವೆಗಿಂತ ಮೊದಲೇ ಪರದೇಶದಲ್ಲಿ ಕಟ್ಟಲ್ಪಟ್ಟಿತ್ತು. ಮುಂದೆ ಸಾಲಿಗಾಂವಿನ ಪತ್ರಕರ್ತ ಫ್ರೆಡರಿಕ್ ನೊರೊನ್ಹಾ ಮೊದಲಾದವರು ಸಂಬಳವಿಲ್ಲದ ದುಡಿಮೆಯಿಂದ ವರ್ಷಗಟ್ಟಲೆ ಅದನ್ನು ನಡೆಸಿಕೊಂಡು ಬಂದರು. ಗೋವಾದಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗನಾದ ನಾನು ಹೊರಗಿನ ಮೆಟ್ಟಿಲ ಮೇಲೆ ನಿಂತು ಆ ಮಾತುಕತೆಯನ್ನು ಕೇಳಿಸಿಕೊಂಡವನು. ಜಗಳಗಳೇನೂ ಕಡಿಮೆ ಇರಲಿಲ್ಲ. ಆದರೆ ಜಗಳವಿಲ್ಲದ ಜಗಲಿಯನ್ನು ನಾನು ಎಲ್ಲಿಯೂ ಕಂಡಿಲ್ಲ.

ಮೇಲಿಂಗ್ ಲಿಸ್ಟಿನ ತತ್ತ್ವ ಅತಿ ಸರಳ. ಬೆಳಗಿನ ಜಾವ ಸೈಕಲ್ಲಿನ ರಬ್ಬರ್ ಹಾರನ್ನನ್ನು ಒತ್ತುತ್ತ ಬರುವ ಇಲ್ಲಿನ ಪದೇರ, ಒಂದೇ ಒಲೆಯಲ್ಲಿ ಬೆಂದ ರೊಟ್ಟಿಯನ್ನು ಮನೆಮನೆಗೂ ಮುಟ್ಟಿಸುವಂತೆ, ಒಂದೇ ವಿಳಾಸಕ್ಕೆ ಬಂದ ಪತ್ರವನ್ನು ಸದಸ್ಯರೆಲ್ಲರಿಗೂ ಹಂಚುವುದಷ್ಟೇ ಅದರ ಕೆಲಸ. ಸದಸ್ಯರನ್ನು ಪಟ್ಟಿಗೆ ಸೇರಿಸುವ, ತೆಗೆಯುವ ಕೆಲಸವನ್ನು ಮೊದಮೊದಲು ಮನುಷ್ಯರೇ ಮಾಡುತ್ತಿದ್ದರು. 1986ರಲ್ಲಿ ಎರಿಕ್ ಥಾಮಸ್ ರಚಿಸಿದ ‘ಲಿಸ್ಟ್‌ಸರ್ವ್’, 1992ರಲ್ಲಿ ಬ್ರೆಂಟ್ ಚಾಪ್‌ಮನ್ ರಚಿಸಿದ ‘ಮೇಜರ್‌ಡೋಮೊ’ ಎಂಬ ತಂತ್ರಾಂಶಗಳು ಅದನ್ನು ಯಂತ್ರಕ್ಕೆ ಒಪ್ಪಿಸಿದವು. ಮೇಜರ್‌ಡೋಮೊ ಎಂದರೆ ಲ್ಯಾಟಿನ್ನಿನಲ್ಲಿ ಮನೆಯ ಮೇಲ್ವಿಚಾರಕ. ಪೋರ್ತುಗೀಜಿನ ‘ಮೊರ್ದೋಮು’ ಅದೇ ಶಬ್ದ.

ಬಳಿಕ ಬಂದುದು ‘ಮೇಲ್‌ಮ್ಯಾನ್’, ಎಂದರೆ ಅಂಚೆಯವನು. ವರ್ಜೀನಿಯಾದ ಜಾನ್ ವಿಯೇಗಾ ಎಂಬ ವಿದ್ಯಾರ್ಥಿ ತೊಂಬತ್ತರ ದಶಕದಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಎಂಬ ಸಂಗೀತ ತಂಡದ ಅಭಿಮಾನಿಗಳಿಗಾಗಿ ಇದನ್ನು ಬರೆದನು. ಪೈಥಾನ್ ಭಾಷೆಯ ಬಳಗದವರು ಅದನ್ನು ತಮ್ಮ ಪತ್ರವ್ಯವಹಾರಕ್ಕೆ ಎತ್ತಿಕೊಂಡರು. ಬ್ಯಾರಿ ವಾರ್ಸಾ ಮೊದಲಾದವರ ಪೋಷಣೆಯಲ್ಲಿ ಅದು ಗ್ನೂ ಯೋಜನೆಯ ಸ್ವತಂತ್ರ ತಂತ್ರಾಂಶವಾಗಿ ಲೋಕವನ್ನೆಲ್ಲ ಸುತ್ತಿ, ಗೋವಾನೆಟ್ಟಿನ ಪತ್ರಗಳನ್ನೂ ಬಹುಕಾಲ ಹೊತ್ತಿತು. ಒಬ್ಬರಿಗೆಂದು ಹೊರಟದ್ದು ಮತ್ತೊಬ್ಬರ ಬಳಿ ನೆಲೆಸುವುದು ಗೋವೆಗೆ ಹೊಸದಲ್ಲ. 1556ರಲ್ಲಿ ಅಬಿಸೀನಿಯಕ್ಕೆಂದು ಜೆಸುಯಿಟರು ಹಡಗಿಗೇರಿಸಿದ ಮುದ್ರಣಯಂತ್ರ ಇಲ್ಲಿಯೇ ಉಳಿದು, ಹಳೆ ಗೋವೆಯ ಸೇಂಟ್ ಪಾಲ್ ಕಾಲೇಜಿನಲ್ಲಿ ಭಾರತದ ಮೊತ್ತಮೊದಲ ಅಚ್ಚುಕೂಟಕ್ಕೆ ಕಾರಣವಾಯಿತು. ನೊರೊನ್ಹಾ ತಮ್ಮ ಪ್ರಕಾಶನಕ್ಕೆ ‘ಗೋವಾ, 1556’ ಎಂದು ಹೆಸರಿಟ್ಟಿರುವುದು ಆ ಇಸವಿಯ ಸ್ಮರಣೆಗಾಗಿಯೇ.

ಗೋವಾನೆಟ್ಟನ್ನು ನೋಡಿ ನೋಡಿ ನನಗೂ ಹುಚ್ಚು ಹಿಡಿಯಿತು. ಗೋವಾ ಮತ್ತು ಕಾರವಾರದ ಕಡೆಯ ಕೆಲವು ಕನ್ನಡಿಗರಿಗಾಗಿ, ತಿಂಗಳ ಬಾಡಿಗೆಯ ಒಂದು ಸಣ್ಣ ಸರ್ವರಿನ ಮೇಲೆ ಮೇಲ್‌ಮ್ಯಾನಿನ ಎರಡನೆಯ ಪೀಳಿಗೆಯನ್ನು ಪ್ರತಿಷ್ಠಾಪಿಸಿದೆ. ಪ್ರತಿಷ್ಠಾಪನೆ ಒಂದು ದಿನದ್ದು, ಪೂಜೆ ನಿತ್ಯದ್ದು. ನಲವತ್ತು ಕಿಲೋಬೈಟಿಗಿಂತ ದೊಡ್ಡ ಪತ್ರವನ್ನು ತಡೆದು ನಿಲ್ಲಿಸುವುದು ಅದರ ಹುಟ್ಟುಗುಣವಾದ್ದರಿಂದ, ಮೊಮ್ಮಗನ ನಾಮಕರಣದ ಫೋಟೋ ಕಳುಹಿಸಿದ ಹಿರಿಯರೊಬ್ಬರಿಗೆ, ‘ನಿಮ್ಮ ಪತ್ರ ಮಾಡರೇಟರರ ಅನುಮತಿಗಾಗಿ ಕಾದಿದೆ’ ಎಂಬ ಒಣ ಇಂಗ್ಲಿಷ್ ಸೂಚನೆ ಹೋಯಿತು. ಅವರು ಮುನಿಸಿಕೊಂಡದ್ದು ಸಹಜವೇ ಸರಿ. ಅಂದೇ ರಾತ್ರಿ ಕುಳಿತು ಆ ಸೂಚನೆಯನ್ನೂ, ಹೊಸಬರಿಗೆ ಹೋಗುವ ಸ್ವಾಗತಪತ್ರವನ್ನೂ, ಪ್ರತಿ ಪತ್ರದ ಬುಡದಲ್ಲಿ ಬರುವ ಅಡಿಬರಹವನ್ನೂ ಕನ್ನಡಕ್ಕೆ ತಂದೆ. ತಂತ್ರಾಂಶವನ್ನು ನಮಗೆ ಬೇಕಾದಂತೆ ತಿದ್ದುವುದು ಎಂದರೆ ಪ್ರೋಗ್ರಾಮಿನ ಪಾಂಡಿತ್ಯ ಎಂದು ಜನ ಭಾವಿಸುತ್ತಾರೆ; ನನ್ನ ಅನುಭವದಲ್ಲಿ ಅದರ ಬಹುಭಾಗ, ಬಾಗಿಲಿಗೆ ಬಂದವರನ್ನು ‘ಸ್ವಲ್ಪ ಕೂತಿರಿ, ಬಂದೆ’ ಎನ್ನಬೇಕೋ ‘ನಿಲ್ಲು’ ಎನ್ನಬೇಕೋ ಎಂಬ ನಿರ್ಣಯವೇ.

ನನ್ನ ಮೊದಲ ಅಪರಾಧ ಬೇರೆ. ಉತ್ತರಗಳು ಬರೆದವರಿಗೆ ಮಾತ್ರ ಹೋಗಬೇಕೋ, ಪಟ್ಟಿಗೆಲ್ಲ ಹೋಗಬೇಕೋ ಎಂಬುದನ್ನು ನಿರ್ಧರಿಸುವ ಒಂದು ಗುಂಡಿಯಿದೆ. ಬರೆದವರಿಗೇ ಹೋಗಲಿ ಎಂಬುದು ತಂತ್ರಾಂಶದವರ ಬಲವಾದ ಸಲಹೆ. ಚರ್ಚೆ ಕಳೆಗಟ್ಟಲೆಂಬ ಆಸೆಯಿಂದ ನಾನು ಅದನ್ನು ತಿರುವಿಟ್ಟೆ. ವಾರದೊಳಗೆ ಒಬ್ಬ ಮಹನೀಯರು, ಸದಸ್ಯರೊಬ್ಬರ ಮಗಳ ಜಾತಕ ಕೂಡದೆಂದು ಗುಟ್ಟಾಗಿ ತಿಳಿಸಲು ಹೋಗಿ ಇಡೀ ಬಳಗಕ್ಕೆ ಸಾರಿಬಿಟ್ಟರು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿದೆ. ಆಡಿದ ಮಾತನ್ನು ತಿರುಗಿಸುವ ಗುಂಡಿ ಮಾತ್ರ ಇರಲಿಲ್ಲ.

2014ರ ಏಪ್ರಿಲಿನಲ್ಲಿ ಬಂದ ವಿಪತ್ತು ನನ್ನೊಬ್ಬನದಲ್ಲ, ಲೋಕದ ಪಟ್ಟಿಗಳಿಗೆಲ್ಲ ಸೇರಿದ್ದು. ಖೋಟಾ ಪತ್ರಗಳನ್ನು ತಡೆಯಲೆಂದು ಯಾಹೂ ಸಂಸ್ಥೆಯು, ತನ್ನ ಹೆಸರು ಹೊತ್ತು ತನ್ನ ಮನೆಯಿಂದ ಹೊರಡದ, ತನ್ನ ಮುದ್ರೆ ಅಖಂಡವಾಗಿರದ ಪತ್ರಗಳನ್ನು ತಿರಸ್ಕರಿಸಿರೆಂದು ‘ಡಿಮಾರ್ಕ್’ ಎಂಬ ವ್ಯವಸ್ಥೆಯ ಮೂಲಕ ಘೋಷಿಸಿತು. ಪಟ್ಟಿಯು ವಿಷಯದ ಸಾಲಿನ ಮೊದಲಿಗೆ ತನ್ನ ಹೆಸರನ್ನೂ ಬುಡದಲ್ಲಿ ಅಡಿಬರಹವನ್ನೂ ಸೇರಿಸುವುದರಿಂದ ಆ ಮುದ್ರೆ ಒಡೆಯುತ್ತದೆ. ವಿನೋದವೆಂದರೆ ಶಿಕ್ಷೆಯಾದದ್ದು ಬರೆದವನಿಗಲ್ಲ, ಓದುವವನಿಗೆ: ಯಾಹೂ ವಿಳಾಸದವನು ಬರೆದ ಪತ್ರ ಜಿಮೇಲಿನ ಬಾಗಿಲಿನಿಂದ ಹಿಂದಿರುಗಿದಾಗಲೆಲ್ಲ, ಮೇಲ್‌ಮ್ಯಾನ್ ಆ ಜಿಮೇಲ್ ಸದಸ್ಯನ ಲೆಕ್ಕಕ್ಕೆ ದಿನಕ್ಕೊಂದರಂತೆ ಅಂಕ ಬರೆದು, ಐದಾದೊಡನೆ ಅವನಿಗೆ ಪತ್ರ ಹಾಕುವುದನ್ನೇ ನಿಲ್ಲಿಸುತ್ತಿತ್ತು. ಬರೆದವನ ವಿಳಾಸದ ಜಾಗದಲ್ಲಿ ಪಟ್ಟಿಯ ವಿಳಾಸವನ್ನಿಟ್ಟು ‘ಇಂಥವರಿಂದ, ಪಟ್ಟಿಯ ಮೂಲಕ’ ಎಂದು ತೋರಿಸುವ ಪರಿಹಾರವನ್ನು ತಂತ್ರಾಂಶದವರು ಒದಗಿಸಿದರು. ಅಲ್ಲಿಂದೀಚೆಗೆ ಸ್ವಂತ ಸರ್ವರಿನ ಬಾಳು ಕಠಿಣವಾಗುತ್ತಲೇ ಬಂದಿದೆ. 2024ರಿಂದ ಗೂಗಲ್ ಮತ್ತು ಯಾಹೂಗಳು, ರಾಶಿರಾಶಿಯಾಗಿ ಪತ್ರ ಕಳುಹುವವರು ಒಂದೇ ಒತ್ತಿನಲ್ಲಿ ಪಟ್ಟಿ ತೊರೆಯುವ ಸೌಕರ್ಯವನ್ನೂ ಇಡಬೇಕೆಂದು ವಿಧಿಸಿವೆ.

‘ಇಷ್ಟೊಂದು ತಾಪತ್ರಯ ಯಾಕೆ ಮಾರಾಯ್ರೆ, ಪುಕ್ಕಟೆ ಸಿಗುವ ಕಡೆ ಹೋಗಬಾರದೇ?’ ಎಂದು ಕೇಳಿದವರುಂಟು. ಅವರಿಗೆ ನಾನು ಯಾಹೂ ಗ್ರೂಪ್ಸಿನ ಕತೆ ಹೇಳುತ್ತೇನೆ. ಎರಡು ದಶಕಗಳ ಕಾಲ ಅಸಂಖ್ಯ ಬಳಗಗಳು ಅಲ್ಲಿ ಬಿಡಾರ ಹೂಡಿದ್ದವು. 2019ರ ಡಿಸೆಂಬರಿನಲ್ಲಿ ಹಳೆಯ ಪತ್ರಸಂಗ್ರಹಗಳು ಮುಚ್ಚಿದವು, 2020ರ ಡಿಸೆಂಬರ್ 15ರಂದು ಬಿಡಾರವೇ ಎದ್ದಿತು. ಮನೆ ತೆರವು ಮಾಡಲು ಅವಧಿ ಕೊಟ್ಟಿದ್ದರು, ನಿಜ; ಗಂಟುಮೂಟೆ ಕಟ್ಟಲು ತಿಳಿಯದವರ ಪತ್ರಗಳು ಹೋದವು. ಹಾಗೆಂದು ಸ್ವಂತ ಮನೆ ಶಾಶ್ವತವೆಂದು ನಾನು ಹೇಳಲಾರೆ. ಮೇಲ್‌ಮ್ಯಾನಿನ ಎರಡನೆಯ ಪೀಳಿಗೆ ನಿಂತಿದ್ದ ಪೈಥಾನ್ 2ರ ಪೋಷಣೆ 2020ರ ಆರಂಭದಲ್ಲಿ ಮುಗಿಯಿತು. 2015ರಲ್ಲಿ ಬಂದ ಮೂರನೆಯ ಪೀಳಿಗೆಯ ಬಿಡಿ ತುಂಡುಗಳನ್ನು ಜೋಡಿಸಿ ನಿಲ್ಲಿಸುವುದರಲ್ಲಿ ನನ್ನಂಥವನ ಬೆವರಿಳಿಯುತ್ತದೆ.

ನನ್ನ ಪಟ್ಟಿಯ ಮೊದಲ ವರ್ಷದಲ್ಲಿ ಒಂದು ವಿಚಿತ್ರ ರೋಗವಿತ್ತು. ಒಂಟಿಯಾಗಿ ಹೋದ ಕನ್ನಡ ಪತ್ರ ಚೆನ್ನಾಗಿಯೇ ಮುಟ್ಟುತ್ತಿತ್ತು. ದಿನದ ಪತ್ರಗಳನ್ನು ಕೂಡಿಸಿದ ಡೈಜೆಸ್ಟಿನಲ್ಲಿಯೂ ವೆಬ್ಬಿನ ಸಂಗ್ರಹದಲ್ಲಿಯೂ ಮಾತ್ರ ಅಕ್ಷರಗಳೆಲ್ಲ ಅಳಿದು ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳಾಗಿ ನಿಲ್ಲುತ್ತಿದ್ದವು. ಇಂಗ್ಲಿಷ್ ಎಂದರೆ ಆಸ್ಕಿಯ ನೂರಿಪ್ಪತ್ತೆಂಟು ಸಂಕೇತಗಳಷ್ಟೇ ಎಂದು ಆ ತಂತ್ರಾಂಶ ನಂಬಿತ್ತು, ನಮ್ಮ ಪಟ್ಟಿಯ ಭಾಷೆಯನ್ನು ನಾನು ಇಂಗ್ಲಿಷ್ ಎಂದೇ ಬಿಟ್ಟಿದ್ದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಕೇಳುವ ಯುಟಿಎಫ್-8 ಅದರ ಎಣಿಕೆಯಲ್ಲಿಯೇ ಇರಲಿಲ್ಲ. ಕಾರಣ ಹೊಳೆದದ್ದು ಒಂದು ಆಷಾಢದ ರಾತ್ರಿ, ಕರೆಂಟು ಹೋಗಿ ಬಂದು ಆಡುತ್ತಿದ್ದಾಗ. ಸಂರಚನೆಯ ಕಡತದಲ್ಲಿ ಒಂದೇ ಒಂದು ಸಾಲನ್ನು ಸೇರಿಸಿದೆ. ಆದರೆ ಹಾಳಾದ ವರ್ಷದ ಪತ್ರಗಳು? ಮೇಲ್‌ಮ್ಯಾನ್ ಪ್ರತಿಯೊಂದು ಪತ್ರದ ಮೂಲವನ್ನೂ ಯಥಾವತ್ತಾಗಿ ಒಂದು ಉದ್ದನೆಯ ಎಂಬಾಕ್ಸ್ ಕಡತದಲ್ಲಿ ಕೂಡಿಡುತ್ತದೆ. ಹಾಳಾದದ್ದು ಅದನ್ನು ನೋಡಿ ಬರೆದ ವೆಬ್ ಪುಟಗಳು ಮಾತ್ರ. ಹಳೆಯ ಪುಟಗಳನ್ನು ಅಳಿಸಿ ಹೊಸದಾಗಿ ಕಟ್ಟೆಂಬ ಆಜ್ಞೆಯನ್ನು ಕೊಟ್ಟು, ಮಾಡಿನ ಮೇಲೆ ಮಳೆ ಹೊಡೆಯುವುದನ್ನು ಕೇಳುತ್ತ ಕುಳಿತೆ. ಮುಗಿದ ಮೇಲೆ ತೆರೆದ ಮೊದಲ ಪುಟದಲ್ಲಿ, ಅಂಕೋಲೆಯ ಒಬ್ಬರು ಹಲಸಿನ ಹಪ್ಪಳ ಯಾರಿಗೆ ಎಷ್ಟು ಕಟ್ಟು ಬೇಕೆಂದು ಕೇಳಿ ಬರೆದ ನಾಲ್ಕು ಸಾಲುಗಳಿದ್ದವು, ಒಂದು ಒತ್ತಕ್ಷರವೂ ಮುಕ್ಕಾಗದೆ.