ಹೊಳೆಯ ದಡದಲ್ಲಿ ನಾಲ್ಕು ದಿನ: ಡೇರೆ, ಗಾಳ ಮತ್ತು ಆರೋಗ್ಯ

ಮೇ ತಿಂಗಳು ಕಾಲಿಟ್ಟಿತೆಂದರೆ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ಶಾಲೆಗೆ ರಜೆ ಬಂದೊಡನೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು ಅಜ್ಜಿಯ ಮನೆ ಸೇರುವುದು ಬಹುಕಾಲದ ರೂಢಿ. ಆದರೆ ಇಂದು ಅನೇಕ ಕುಟುಂಬಗಳಿಗೆ ಅಂಥ ಮನೆ ಉಳಿದಿಲ್ಲ. ಉಳಿದಿದ್ದರೂ ತಂದೆತಾಯಿಗಳಿಗೆ ದೊರೆಯುವ ರಜೆ ನಾಲ್ಕೈದು ದಿನ ಮಾತ್ರ. ಮಕ್ಕಳ ಬೇಸಿಗೆ ಕೂಲರಿನ ಗಾಳಿಯಲ್ಲಿ, ಮೊಬೈಲಿನ ಪರದೆಯ ಮುಂದೆ ಕಳೆದುಹೋಗುತ್ತದೆ. ಹೀಗೆ ಅವರು ಊರಿನೊಂದಿಗೆ ಊರಿನ ಹೊಳೆಯನ್ನೂ ಕಳೆದುಕೊಳ್ಳುತ್ತಾರೆ. ಬಿದಿರಿನ ಕೋಲಿಗೆ ದಾರ ಕಟ್ಟಿ, ಗಾಳಕ್ಕೆ ಎರೆಹುಳು ಚುಚ್ಚಿ, ಬೆಂಡು ಮುಳುಗುವುದನ್ನೇ ನೋಡುತ್ತ ಕುಳಿತಿರುತ್ತಿದ್ದ ಹೊತ್ತು ಕೇವಲ ಆಟದ್ದಲ್ಲ. ದೇಹಕ್ಕೂ ಮನಸ್ಸಿಗೂ ಅದು ಔಷಧಿಯಾಗಿತ್ತು. ಆ ಔಷಧಿ ದೆಹಲಿಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದಲ್ಲಿ ಇಂದಿಗೂ ದೊರೆಯುತ್ತದೆ.

ಎಲ್ಲಿಗೆ ಹೋಗಬೇಕು?

ನಮ್ಮ ಮನೆಬಾಗಿಲಿನ ಯಮುನೆಯನ್ನು ಇದಕ್ಕೆ ನೆಚ್ಚುವಂತಿಲ್ಲ. ವಜೀರಾಬಾದಿನಿಂದ ಓಖ್ಲಾದವರೆಗಿನ ಸುಮಾರು 22 ಕಿ.ಮೀ. ಉದ್ದಕ್ಕೂ ನಗರದ ಕೊಳಚೆ ಅದರೊಳಗೆ ಸೇರುತ್ತದೆ. ಆ ನೀರಿನ ಮೀನು ಊಟಕ್ಕೆ ಯೋಗ್ಯವಲ್ಲ. ಬೇಸಿಗೆಯಲ್ಲಿ ಬಯಲುಸೀಮೆಯ ಡೇರೆವಾಸವೂ ಅಪಾಯಕರ. 2022ರ ಮೇ 15ರಂದು ದೆಹಲಿಯ ಮುಂಗೇಶಪುರದಲ್ಲಿ 49.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು.

ಆದ್ದರಿಂದ ಬೆಟ್ಟವನ್ನೇ ಆಶ್ರಯಿಸಬೇಕು. ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆ ಇದಕ್ಕೆ ಉತ್ತಮ ಉದಾಹರಣೆ. ಚಂಡೀಗಢ, ಮಂಡಿಗಳನ್ನು ದಾಟಿ ಔಟ್ ಎಂಬಲ್ಲಿ ತಿರುಗಿ ಬಂಜಾರ್ ಮಾರ್ಗವಾಗಿ ಗುಶೈಣಿ ತಲುಪಬಹುದು. ದೆಹಲಿಯಿಂದ ಸುಮಾರು 500 ಕಿ.ಮೀ. ಇದು 2014ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಹೆಬ್ಬಾಗಿಲು. ಹೊಳೆಯಲ್ಲಿರುವುದು ಇಂಗ್ಲಿಷರ ಕಾಲದಲ್ಲಿ ಹಿಮಾಲಯದ ನೀರಿಗೆ ತಂದು ಬಿಟ್ಟ ಟ್ರೌಟ್ ಮೀನು. ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಅಗತ್ಯ. ಹಿಡಿಯುವ ಮೀನಿನ ಸಂಖ್ಯೆಗೂ ಅಳತೆಗೂ ಮಿತಿಯುಂಟು. ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ, ಟ್ರೌಟ್ ಮೊಟ್ಟೆಯಿಡುವ ಕಾಲದಲ್ಲಿ, ಹಿಡಿಯುವಂತಿಲ್ಲ.

ಕತ್ತಲೆಯ ಉಪಕಾರ

ಡೇರೆವಾಸದ ಮೊದಲ ಲಾಭ ನಿದ್ರೆ. ನಮ್ಮ ಮೆದುಳಿನಲ್ಲಿ ಹಗಲುರಾತ್ರಿಗಳನ್ನು ಅಳೆಯುವ ಗಡಿಯಾರವೊಂದಿದೆ. ಸಂಜೆ ಬೆಳಕು ಕುಂದಿದಾಗ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸತೊಡಗಿ, ದೇಹ ನಿದ್ರೆಗೆ ಸಿದ್ಧವಾಗುತ್ತದೆ. ವಿದ್ಯುದ್ದೀಪಗಳು ಈ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತವೆ. 2013ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಕೆನೆತ್ ರೈಟ್ ಮತ್ತು ಸಂಗಡಿಗರು ಎಂಟು ಜನರನ್ನು ಬೇಸಿಗೆಯಲ್ಲಿ ಒಂದು ವಾರ ರಾಕಿ ಪರ್ವತದಲ್ಲಿ ಡೇರೆಗಳಲ್ಲಿ ಇರಿಸಿದರು. ಟಾರ್ಚೂ ಇರಲಿಲ್ಲ; ಸೂರ್ಯ ಮತ್ತು ಬೆಂಕಿಯ ಬೆಳಕು ಮಾತ್ರ. ವಾರದ ಕೊನೆಗೆ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಮುಂದಕ್ಕೆ ಬಂದಿತ್ತು. ವಾರಾಂತ್ಯದ ಎರಡು ದಿನಗಳ ಡೇರೆವಾಸವೇ ಈ ಬದಲಾವಣೆಯ ಸುಮಾರು ಮೂರರಲ್ಲಿ ಎರಡು ಪಾಲನ್ನು ತರಬಲ್ಲದೆಂದು 2017ರಲ್ಲಿ ಅವರೇ ತೋರಿಸಿದರು.

ಎರಡನೆಯದು ಕಣ್ಣು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ವೈದ್ಯರು ಈ ನಗರದ ಶಾಲಾಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ ಶೇಕಡಾ 13.1ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ದೋಷವಿತ್ತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವ ಮಕ್ಕಳಲ್ಲಿ ಅದು ಕಡಿಮೆ. ನಾಲ್ಕು ದಿನದ ಪ್ರವಾಸದಿಂದ ಕನ್ನಡಕ ತಪ್ಪದು, ನಿಜ. ಆದರೆ ಬಯಲಿನ ರುಚಿ ಹತ್ತಿದ ಮಗು ಮನೆಗೆ ಮರಳಿದ ಮೇಲೂ ಬಯಲನ್ನು ಬೇಡುತ್ತದೆ.

ಗಾಳ ಕಲಿಸುವ ಪಾಠ

ಟ್ರೌಟ್ ಮೀನಿಗೆ ತಣ್ಣೀರು ಬೇಕು, ಏಕೆಂದರೆ ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ. ಅದು ಬಂಡೆಯ ಮರೆಯಲ್ಲಿ ಪ್ರವಾಹಕ್ಕೆ ಎದುರುಮುಖವಾಗಿ ನಿಂತು, ನೀರು ತರುವ ಹುಳುಹುಪ್ಪಟೆಗಾಗಿ ಕಾಯುತ್ತದೆ. ಆದುದರಿಂದ ಹಿಡಿಯುವವನು ಕೆಳಗಿನಿಂದ ಮೆಲ್ಲನೆ ಸಾಗಬೇಕು. ತನ್ನ ನೆರಳು ನೀರಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಇಷ್ಟಾದರೂ ಗಂಟೆಗಟ್ಟಲೆ ಏನೂ ಸಿಗದಿರಬಹುದು. ಎಲ್ಲವೂ ಬೆರಳು ತಾಗಿಸಿದೊಡನೆ ದೊರೆಯುವ ಕಾಲದಲ್ಲಿ ಬೆಳೆಯುವ ಮಗುವಿಗೆ ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದು?

ಮೀನು ತಿನ್ನದ ಮನೆಗಳವರು ಹಿಂಜರಿಯಬೇಕಾಗಿಲ್ಲ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಎಸೆದು ಸಂತೋಷಪಟ್ಟವರೇ ನಾವು. ಬಂಡೆಯ ಮೇಲೆ ಕುಳಿತು ತಿಳಿನೀರಿನಲ್ಲಿ ಮೀನಿನ ಓಡಾಟ ನೋಡುವುದೂ ಸುಖವೇ. ಹಿಡಿಯುವವರು ಮುಳ್ಳಿಲ್ಲದ ಗಾಳ ಬಳಸಿ, ಕೈ ಒದ್ದೆ ಮಾಡಿಕೊಂಡು, ಬೇಡವಾದ ಮೀನನ್ನು ಕ್ಷಣದಲ್ಲಿ ನೀರಿಗೆ ಬಿಡಬೇಕು. ಈ ಸಂಯಮ ಏಕೆಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದಿದ್ದರು. ಕಾವೇರಿ ಕಣಿವೆಯ ಅದೇ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು.

ಇನ್ನು ದಿನಚರಿಯ ಸುಖಗಳು. ಮನೆಯಿಂದ ಒಯ್ದ ಪುಡಿಯಲ್ಲಿ ಇಳಿಸಿದ ಬೆಳಗಿನ ಕಾಫಿ, ಚಳಿಗೆ ಎರಡೂ ಕೈಯಿಂದ ಹಿಡಿದ ಲೋಟ, ಮಧ್ಯಾಹ್ನ ಚಪಾತಿಗೆ ಚಟ್ನಿಪುಡಿ, ಸಂಜೆ ಒಗ್ಗರಣೆಯ ಅವಲಕ್ಕಿ. ರಾತ್ರಿ ದೆಹಲಿಯ ಆಕಾಶದಲ್ಲಿ ಮಸುಕಾಗಿ ಕಾಣುವ ಸಪ್ತರ್ಷಿ ಮಂಡಲ ಇಲ್ಲಿ ತಲೆಯ ಮೇಲೆ ನಿಚ್ಚಳವಾಗಿ ಹೊಳೆಯುತ್ತದೆ. ಅದನ್ನು ತೋರಿಸುತ್ತ ಹೇಳಿದ ಕಥೆಯನ್ನು ಮಗು ಮರೆಯಲಾರದು.

ಎಚ್ಚರಿಕೆಗಳು

1. ಹೊಳೆಯನ್ನು ನಂಬಬೇಡಿ. 2014ರ ಜೂನ್ 8ರಂದು, ತೀರ್ಥನ್ ನದಿ ಬಿಯಾಸ್ ಸೇರುವ ಲಾರ್ಜಿಯ ಅಣೆಕಟ್ಟಿನಿಂದ ಬಿಟ್ಟ ನೀರು ಥಲೌಟ್ ಬಳಿ ಏಕಾಏಕಿ ಏರಿ, ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಅವರ ಪ್ರವಾಸದ ಮಾರ್ಗದರ್ಶಕರೊಬ್ಬರೂ ಕೊಚ್ಚಿಹೋದರು. ಅಣೆಕಟ್ಟಿನ ಕೆಳಗೆ ನೀರಿಗೆ ಇಳಿಯಬೇಡಿ. ಡೇರೆ ದಡದಿಂದ ಎತ್ತರದಲ್ಲಿರಲಿ. ನೀರು ಕದಡಿದರೆ, ಸದ್ದು ಹೆಚ್ಚಿದರೆ ತಕ್ಷಣ ಮೇಲೇರಿ. ಮಳೆಗಾಲ ಆರಂಭವಾಗುವ ಮೊದಲೇ ಪ್ರವಾಸ ಮುಗಿಸಿ.

2. ಬೆಟ್ಟದ ನೀರು ತಿಳಿಯಾಗಿದ್ದರೂ ಶುದ್ಧವೆಂದಲ್ಲ. ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಕುದಿಸಿ. 2,000 ಮೀಟರಿಗಿಂತ ಮೇಲೆ ಮೂರು ನಿಮಿಷ.

3. ಚಳಿಯೆಂದು ಇದ್ದಿಲ ಅಂಗೀಠಿಯನ್ನು ಡೇರೆಯೊಳಗೆ ಇಡಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡಬಹುದು.

4. ಹುಲ್ಲಿನ ಮೇಲೆ ಬರಿಮೈಯಲ್ಲಿ ಮಲಗಬೇಡಿ. ಹುಲ್ಲುಪೊದೆಗಳ ಸೂಕ್ಷ್ಮ ನುಸಿಯ ಮರಿ ಕಚ್ಚುವುದರಿಂದ ಸ್ಕ್ರಬ್ ಟೈಫಸ್ ಜ್ವರ ಬರುತ್ತದೆ. ಮರಳಿದ ಮೂರು ವಾರಗಳೊಳಗೆ ಜ್ವರ ಬಂದರೆ, ಮೈಮೇಲೆ ಕಪ್ಪು ಹಕ್ಕಳೆಯ ಗಾಯ ಕಂಡರೆ, ವೈದ್ಯರಿಗೆ ಪ್ರವಾಸದ ವಿಷಯವನ್ನು ಮರೆಯದೆ ಹೇಳಿ. ಬೇಗ ಗುರುತಿಸಿದರೆ ಸಾಮಾನ್ಯ ಮಾತ್ರೆಗಳಿಂದಲೇ ವಾಸಿಯಾಗುವ ಕಾಯಿಲೆಯಿದು, ತಡವಾದರೆ ಮಾರಕ.

5. ಹೃದ್ರೋಗ, ಮಧುಮೇಹ, ಉಬ್ಬಸವುಳ್ಳವರು ದಿನನಿತ್ಯದ ಔಷಧಿಯನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಂಡು, ಹತ್ತಿರದ ಆಸ್ಪತ್ರೆಯನ್ನು ಮೊದಲೇ ತಿಳಿದಿರಬೇಕು.

ಇದಕ್ಕೆ ದೊಡ್ಡ ಖರ್ಚಾಗಲಿ, ದುಬಾರಿ ಸಲಕರಣೆಯಾಗಲಿ ಬೇಕಿಲ್ಲ. ಪರಿಚಿತರಾದ ಮೂರುನಾಲ್ಕು ಕುಟುಂಬಗಳು ಕೂಡಿ ಹೊರಟರೆ ವೆಚ್ಚವೂ ಹಂಚಿಹೋಗುತ್ತದೆ, ಮಕ್ಕಳ ಕಾವಲಿಗೂ ಕಣ್ಣುಗಳು ಹೆಚ್ಚುತ್ತವೆ. ಈ ನಗರದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ನಮ್ಮ ಊರಿನ ಹೊಳೆಯನ್ನು ಇಲ್ಲಿಗೆ ತಂದುಕೊಡಲಾರೆವು. ಆದರೆ ಹೊಳೆಯ ದಡದಲ್ಲಿ ಸುಮ್ಮನೆ ಕುಳಿತಿರುವ ಸುಖವನ್ನು ಅವರಿಗೆ ದಾಟಿಸುವುದು ನಮ್ಮ ಕೈಯಲ್ಲೇ ಇದೆ.