ಬಯಲುಸೀಮೆಯಲ್ಲಿ 75 ಲೀಟರ್ ಕಡಲು

ಬಳ್ಳಾರಿ ಜಿಲ್ಲೆಯ ಕುಡತಿನಿಯಿಂದ ಹೆದ್ದಾರಿ ಹಿಡಿದು ಪಡುವಣಕ್ಕೆ ಹೊರಟರೆ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಘಟ್ಟ ಇಳಿದು ಅಂಕೋಲಾದಲ್ಲಿ ಸಮುದ್ರ ಕಾಣುವಷ್ಟರಲ್ಲಿ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆದಿರುತ್ತದೆ. ಇಂಥ ಊರಿನಲ್ಲಿ, ಏಪ್ರಿಲ್–ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ, ಕಡಲ ಮೀನಿನ ತೊಟ್ಟಿ ಇಡುವುದು ಹುಚ್ಚು ಸಾಹಸದಂತೆ ಕಾಣಬಹುದು. ಆದರೆ ಕಡಲಿಂದ ದೂರ ಇರುವುದು ಇಲ್ಲಿ ದೊಡ್ಡ ಅಡ್ಡಿಯೇ ಅಲ್ಲ. ಕೈಯಲ್ಲಿ ಹಣ ಕಡಿಮೆ ಇದ್ದಾಗ ಅದನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಎಂಬುದನ್ನು ತಿಳಿದಿರುವುದು ಮುಖ್ಯ. ಮೊದಲ ಖರ್ಚು ನೀರಿಗೆ, ಕೊನೆಯ ಖರ್ಚು ಮೀನಿಗೆ.

ಕಡಲಿನಿಂದ ದೂರದ ಮನೆಯೊಳಗೆ ಹವಳ ಸಾಕಿದವರಲ್ಲಿ ಮೊದಲಿಗರ ಸಾಲಿಗೆ ಸೇರುವವರು ಇಂಗ್ಲೆಂಡಿನ ಆ್ಯನಾ ಥಿನ್. 1846ರಲ್ಲಿ ಟಾರ್ಕಿ ಎಂಬ ಕರಾವಳಿ ಊರಿನಿಂದ ಅವರು ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಪಂಪು, ವಿದ್ಯುತ್ತು ಯಾವುದೂ ಇಲ್ಲದ ಕಾಲ. ಮನೆಗೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು ದಿನವೂ ಅರ್ಧ–ಮುಕ್ಕಾಲು ಗಂಟೆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತ ಅದಕ್ಕೆ ಗಾಳಿಯಾಡಿಸುತ್ತಿದ್ದಳು. ಮರುವರ್ಷ ತೊಟ್ಟಿಗೆ ಕಡಲ ಪಾಚಿಗಳನ್ನೂ ಬಿಟ್ಟರು. ನೀರಿಗೆ ಗಾಳಿ, ಕಸ ಹೀರಲು ಪಾಚಿ: ಇಂದಿನ ದುಬಾರಿ ತೊಟ್ಟಿಗಳೂ ಮಾಡುವುದು ಇದನ್ನೇ.

ಕಡಲ ನೀರನ್ನು ಅಂಕೋಲಾದಿಂದ ಹೊತ್ತು ತರಬೇಕಿಲ್ಲ, ಮನೆಯಲ್ಲೇ ಕಲಸಬಹುದು. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಸಾಗರ ಸಂಶೋಧನೆಗೆ ಹೊರಟಿದ್ದ ಚಾಲೆಂಜರ್ ಹಡಗು ಜಗತ್ತಿನ ಸಾಗರಗಳಿಂದ ತಂದ 77 ಮಾದರಿಗಳನ್ನು ರಸಾಯನಶಾಸ್ತ್ರಜ್ಞ ವಿಲಿಯಂ ಡಿಟ್ಮಾರ್ ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪ್ಪು ಹೆಚ್ಚು ಕಡಿಮೆ ಇದ್ದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಎಂದು ಆ ಫಲಿತಾಂಶ ತೋರಿಸಿತು. ಆ 35 ಗ್ರಾಂನಲ್ಲಿ ಸುಮಾರು 30 ಗ್ರಾಂ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಅಂಶ. ಉಳಿದ 5 ಗ್ರಾಂ ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಮುಂತಾದವು. ಕಿರಾಣಿ ಅಂಗಡಿಯ ಉಪ್ಪಿನಲ್ಲಿ ಈ 5 ಗ್ರಾಂ ಇರುವುದಿಲ್ಲ. ಅಕ್ವೇರಿಯಂಗೆಂದೇ ತಯಾರಾಗುವ ಕಡಲ ಉಪ್ಪಿಗೆ ಹಣ ಕೊಡುವುದು ಅದಕ್ಕಾಗಿ. 75 ಲೀಟರ್ ತೊಟ್ಟಿಗೆ ಅದು ಹತ್ತಿರ ಹತ್ತಿರ 3 ಕಿಲೋ ಸಾಕು.

ಉಪ್ಪಿಗಿಂತ ಹೆಚ್ಚು ಕಾಡುವುದು ನೀರು. ಬಳ್ಳಾರಿ ಸೀಮೆಯ ಬೋರ್‌ವೆಲ್ ನೀರು ಬಹುತೇಕ ಗಡಸು. ಹಲವೆಡೆ ಫ್ಲೋರೈಡ್, ನೈಟ್ರೇಟ್ ಕೂಡ ಹೆಚ್ಚು. ಅದರಲ್ಲಿ ಉಪ್ಪು ಕಲಸಿದರೆ ಮೊದಲ ದಿನವೇ ಲೆಕ್ಕ ತಪ್ಪುತ್ತದೆ, ಕೆಲವೇ ವಾರಗಳಲ್ಲಿ ಪಾಚಿ ಗಾಜನ್ನು ಮುಚ್ಚುತ್ತದೆ. ಹಾಗಾಗಿ ಆರ್‌ಓ ನೀರೇ ಬೇಕು. ಅನೇಕ ಮನೆಗಳ ಆರ್‌ಓ ಯಂತ್ರದಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಹೊಂದಿಸುವ ಪುಟ್ಟ ತಿರುಪು ಇರುತ್ತದೆ. ಕುಡಿಯಲು ರುಚಿ ಇರಲೆಂದು ಅದು ಶುದ್ಧ ನೀರಿಗೆ ಒಂದಿಷ್ಟು ಮೂಲ ನೀರನ್ನೇ ಬೆರೆಸುತ್ತದೆ. ತೊಟ್ಟಿಗೆ ನೀರು ಹಿಡಿಯುವಾಗ ಆ ತಿರುಪನ್ನು ಪೂರ್ತಿ ಮುಚ್ಚಬೇಕು. ಟಿಡಿಎಸ್ ಮೀಟರ್ ತೋರಿಸುವ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಯಂತ್ರ ಹೊರಬಿಡುವ ನೀರನ್ನು ಚರಂಡಿಗೆ ಹರಿಸದೆ ಬಕೆಟ್ಟಿನಲ್ಲಿ ಹಿಡಿದರೆ ನೆಲ ಒರೆಸಲು, ಪಾತ್ರೆ ತೊಳೆಯಲು ಆಗುತ್ತದೆ.

ಬಿಸಿಲಿನ ವಿಷಯಕ್ಕೆ ಬಂದರೆ, ಬಯಲುಸೀಮೆಗೆ ಕರಾವಳಿಗಿಲ್ಲದ ಒಂದು ಅನುಕೂಲವಿದೆ. ಕಡಲ ತೊಟ್ಟಿಯ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ತಂಪುಗೊಳಿಸುವ ಚಿಲ್ಲರ್ ಯಂತ್ರದ ಬೆಲೆ ಎಷ್ಟೋ ಸಲ ತೊಟ್ಟಿಯ ಬೆಲೆಯನ್ನೇ ಮೀರುತ್ತದೆ. ಆದರೆ 40 ಡಿಗ್ರಿ ಶಾಖ, ಶೇ 20 ತೇವಾಂಶದ ಒಣಗಾಳಿಯಲ್ಲಿ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಅದು ಸುಮಾರು 23 ಡಿಗ್ರಿಗೆ ಇಳಿಯುತ್ತದೆ. ಕರಾವಳಿಯ 33 ಡಿಗ್ರಿ ಶಾಖ, ಶೇ 75 ತೇವಾಂಶದಲ್ಲಿ ಅದೇ ಥರ್ಮಾಮೀಟರು 29ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ: ಆವಿಯಾಗುವ ನೀರು ತನ್ನೊಡನೆ ಶಾಖವನ್ನು ಒಯ್ಯುತ್ತದೆ. 75 ಲೀಟರ್ ತೊಟ್ಟಿಯಲ್ಲಿ 130 ಮಿಲಿಲೀಟರ್ ನೀರು ಆವಿಯಾದರೆ ಸಾಕು, ಸುಮಾರು ಒಂದು ಡಿಗ್ರಿ ಶಾಖ ಕಳೆಯುತ್ತದೆ. ಮುಚ್ಚಳದ ಬದಲು ಬಲೆ ಹೊದಿಸಿ ನೀರಿನ ಮೇಲ್ಮೈಗೆ ಗಾಳಿ ತಾಗುವಂತೆ ಒಂದು ಪುಟ್ಟ ಫ್ಯಾನ್ ಇಟ್ಟರೆ ಚಿಲ್ಲರ್ ಮಾಡುವ ಕೆಲಸದ ಬಹುಪಾಲು ಆಗುತ್ತದೆ.

ಇದಕ್ಕೂ ಬೆಲೆ ತೆರಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ ಒಂದೂವರೆ ಲೀಟರಿನಂತೆ ವಾರವಿಡೀ ಆವಿಯಾಗಲು ಬಿಟ್ಟರೆ 35 ಗ್ರಾಂ ಇದ್ದ ಲವಣಾಂಶ 40 ದಾಟುತ್ತದೆ. ಆದ್ದರಿಂದ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು, ದಿನವೂ ಉಪ್ಪಿಲ್ಲದ ಆರ್‌ಓ ನೀರನ್ನು ಆ ಗೆರೆಯವರೆಗೆ ತುಂಬಬೇಕು. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್ ಮತ್ತು ಅಮೋನಿಯ ಪರೀಕ್ಷೆಯ ಕಿಟ್‌ಗಳಲ್ಲಿ ಜಿಪುಣತನ ಬೇಡ. ಹಣ ಉಳಿಸಲು ಬೇರೆ ಜಾಗಗಳಿವೆ.

ಅವುಗಳಲ್ಲಿ ಒಂದು ಕಲ್ಲು. ಹವಳದ ದಿಬ್ಬದಿಂದ ಕಿತ್ತ ಕಲ್ಲನ್ನು ತರಿಸುವ ಬದಲು ಸಿಮೆಂಟಿನಿಂದಲೇ ಮಾಡಿಕೊಳ್ಳಬಹುದು. ಸಿಮೆಂಟಿಗೆ ಮೊಟ್ಟೆಕೋಳಿಗೆ ತಿನ್ನಿಸುವ ಚಿಪ್ಪಿನ ಚೂರು, ಒಂದಿಷ್ಟು ಕಲ್ಲುಪ್ಪು ಬೆರೆಸಿ, ಒದ್ದೆ ಮರಳಿನಲ್ಲಿ ತೋಡಿದ ಗುಂಡಿಗೆ ಸುರಿಯಬೇಕು. ಗಟ್ಟಿಯಾದ ಮೇಲೆ ನೀರಿನಲ್ಲಿ ಮುಳುಗಿಸಿದರೆ ಉಪ್ಪು ಕರಗಿ ತೂತುಗಳು ಉಳಿಯುತ್ತವೆ. ಸಿಮೆಂಟಿನ ಸುಣ್ಣ ಬಿಡುವವರೆಗೆ, ಅಂದರೆ ಪಿಎಚ್ 8.5ಕ್ಕಿಂತ ಕೆಳಗೆ ಬರುವವರೆಗೆ, ವಾರಗಟ್ಟಲೆ ನೀರು ಬದಲಿಸುತ್ತಿರಬೇಕು. ಸಂಡೂರಿನ ಗುಡ್ಡದ ಕೆಂಪು ಕಲ್ಲು ನೋಡಲು ಚೆನ್ನಾದರೂ ಅದು ಕಬ್ಬಿಣದ ಅದಿರು, ತೊಟ್ಟಿಗೆ ಬೇಡ. ಹಳೆಯ ಸಿಹಿನೀರಿನ ತೊಟ್ಟಿ ಕೊಳ್ಳುವವರು ಅದರಲ್ಲಿ ತಾಮ್ರದ ಔಷಧಿ ಬಳಸಿದ್ದರೇ ಎಂದು ಕೇಳಲೇಬೇಕು. ಬಸವನಹುಳು, ಸಿಗಡಿಗಳಿಗೆ ಚೂರು ತಾಮ್ರವೂ ವಿಷ.

ತೂತುಗಳು ಬೇಕಾಗಿರುವುದು ಬ್ಯಾಕ್ಟೀರಿಯಗಳಿಗೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ಒಂದು ಗುಂಪು ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಪಿಎಚ್ ಒಂದು ಅಂಕ ಏರಿದರೆ ಅಮೋನಿಯದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಕಡಲ ನೀರಿನ ಪಿಎಚ್ 8.2ರ ಆಸುಪಾಸು. ಅದಕ್ಕೇ ಸಿಹಿನೀರಿನಲ್ಲಿ ಹೇಗೋ ಸಾಗುವ ಅವಸರ ಇಲ್ಲಿ ಮೀನಿನ ಜೀವ ತೆಗೆಯುತ್ತದೆ. ಮೀನಿಲ್ಲದ ತೊಟ್ಟಿಗೆ ಸಿಗಡಿಯ ಒಂದು ಚೂರು ಹಾಕಿ, ಪಂಪು ಓಡಿಸುತ್ತ, ಅಮೋನಿಯ ಮತ್ತು ನೈಟ್ರೈಟ್ ಎರಡೂ ಏರಿ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಇನ್ನು ಹವಳದ ಮಾತು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿಗಿರುವ ರಕ್ಷಣೆಯೇ ಇವುಗಳಿಗೂ. ಹಿಡಿದರೆ, ಮಾರಿದರೆ ಮೂರರಿಂದ ಏಳು ವರ್ಷ ಜೈಲು. ಕಾನೂನಿನ ಹಿಂದೆ ಬಲವಾದ ಕಾರಣವಿದೆ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಉಳಿದಿರುವ ಹವಳವನ್ನು ಗಾಜಿನ ತೊಟ್ಟಿಗಾಗಿ ಕೀಳುವುದು ಸರಿಯಲ್ಲ. ಕರ್ನಾಟಕದ ಹವಳ ನೋಡುವ ಆಸೆ ಇದ್ದವರು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರಿಗಿಳಿದು ನೋಡಬಹುದು.

ಮೊದಲ ತೊಟ್ಟಿಗೆ ಹವಳದ ಅಗತ್ಯವೂ ಇಲ್ಲ. ಹವಳವಿಲ್ಲದಿದ್ದರೆ ದುಬಾರಿ ದೀಪ ಬೇಡ, ಸಾಧಾರಣ ಎಲ್‌ಇಡಿ ಸಾಕು. ಕಲ್ಲು, ನೈಟ್ರೇಟ್ ಹೀರುವ ಹಸಿರು ಕಡಲಪಾಚಿ, ಎರಡು ಕ್ಲೌನ್ ಮೀನು ಇದ್ದರೆ ತೊಟ್ಟಿ ತುಂಬಿದಂತೆಯೇ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಮಂಡಪಂ ಮತ್ತು ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮೀನು ಸಾಕಿದ್ದೋ ಕಡಲಿನಿಂದ ಹಿಡಿದದ್ದೋ ಎಂಬುದು. ಜೋಡಿಗೆಂದು ಹೆಚ್ಚು ಹಣ ಕೊಡಬೇಕಿಲ್ಲ: ಈ ಮೀನುಗಳ ಮರಿಗಳೆಲ್ಲ ಮೊದಲು ಗಂಡು, ಜೊತೆಯಲ್ಲಿ ಬೆಳೆದ ಎರಡರಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಕರೆಂಟು ಹೋದಾಗ ಉಸಿರಿಗೆ ಬ್ಯಾಟರಿಯ ಏರ್ ಪಂಪು ಒಂದಿರಲಿ.

ವಾರಕ್ಕೊಮ್ಮೆ ತೊಟ್ಟಿಯ ಹತ್ತನೇ ಒಂದು ಪಾಲು ನೀರು ಬದಲಿಸುತ್ತಿದ್ದರೆ ನೀರಿನ ಹೊಲಸನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಯಂತ್ರದ ಖರ್ಚೂ ಉಳಿಯುತ್ತದೆ. ಆದರೆ ತೆಗೆದ ಏಳೂವರೆ ಲೀಟರಿನಲ್ಲಿ ಕಾಲು ಕಿಲೋಗೂ ಮಿಕ್ಕಿದ ಉಪ್ಪಿರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ, ಸಿರುಗುಪ್ಪ ಕಡೆಯ ಹೊಲಗಳೂ ಸೇರಿ, ಸವಳು ಹಿಡಿದು ಕೆಟ್ಟ ನೆಲ ಈಗಾಗಲೇ ಸಾಕಷ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಮಣ್ಣನ್ನು ಸರಿಪಡಿಸುವ ಕೆಲಸದಲ್ಲಿ ತೊಡಗಿದೆ. ಹಾಗಾಗಿ ಈ ನೀರನ್ನು ಕೈತೋಟಕ್ಕೋ ಕಾಲುವೆಗೋ ಚೆಲ್ಲಬಾರದು. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಮಾಳಿಗೆಯ ಮೇಲಿಟ್ಟರೆ ಬಳ್ಳಾರಿಯ ಬಿಸಿಲು ಅದನ್ನು ಬೇಗ ಒಣಗಿಸುತ್ತದೆ; ಉಳಿದ ಉಪ್ಪನ್ನು ಕೆರೆದು ಒಣಕಸದ ಜೊತೆ ಕೊಡಬಹುದು.