ಒಂದು ಯಂತ್ರದೊಳಗೆ ಹಲವು ಯಂತ್ರಗಳು

ಸಾಗರದ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಅಡಕೆ ತೋಟದ ಸರ್ವೆ ನಂಬರು ಹೇಳಿ ನಿಂತ ಕೃಷಿಕನ ಪಹಣಿಯು, ಭೂದಾಖಲೆಗಳನ್ನು ಗಣಕೀಕರಿಸಿದ 'ಭೂಮಿ' ಯೋಜನೆಯ ಆರಂಭದ ವರ್ಷಗಳಲ್ಲಿ ಅದೇ ಕಚೇರಿಯ ಸರ್ವರಿನಲ್ಲಿ ನೆಲೆಸಿತ್ತು. ಅನಂತರ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿದವು.

ಇಂತಹ ಕೇಂದ್ರಗಳಿಗೆ ಆಧಾರವಾದುದು ವರ್ಚುವಲೈಸೇಷನ್. ಹೈಪರ್‌ವೈಸರ್ ಎಂಬ ತಂತ್ರಾಂಶವು ಒಂದೇ ಸರ್ವರಿನ ಸ್ಮೃತಿಯನ್ನೂ ಗಣನಶಕ್ತಿಯನ್ನೂ ವಿಭಜಿಸಿ, ಪರಸ್ಪರ ಅರಿಯದ ಹಲವು ಯಂತ್ರಗಳನ್ನು ಅದರೊಳಗೆ ನಿರ್ಮಿಸುತ್ತದೆ. ದುರಸ್ತಿಯ ಸಮಯ ಬಂದಾಗ, ನಡೆಯುತ್ತಿರುವ ಕಾರ್ಯಕ್ಕೆ ಭಂಗ ಬಾರದಂತೆ, ಅಂತಹ ಯಂತ್ರವೊಂದನ್ನು ಬೇರೊಂದು ಸರ್ವರಿಗೆ ಸಾಗಿಸಬಹುದೆಂಬುದೇ ಇದರ ಪರಮ ಗುಣ. 1960ರ ದಶಕದಲ್ಲಿ ಐಬಿಎಂ ರೂಪಿಸಿದ ಈ ವಿದ್ಯೆಯನ್ನು, 1998ರಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ಸಾಧಾರಣ ಸರ್ವರುಗಳಿಗೆ ತಂದಿತು. 2023ರಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡು, ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ತಂದ ಮೇಲೆ, ಅನೇಕ ಸಂಸ್ಥೆಗಳು ಲಿನಕ್ಸ್‌ನ ಕೆವಿಎಂನಂತಹ ಮುಕ್ತ ತಂತ್ರಾಂಶದತ್ತ ಮುಖ ಮಾಡಿವೆ. ಸಾರ್ವಜನಿಕ ದಾಖಲೆಗಳಿಗೆ ಅದೇ ಯುಕ್ತವೆಂದು ನನ್ನ ದೃಢವಾದ ನಂಬಿಕೆ.

ಜಾಲದ ಸ್ವಿಚ್ಚು, ಫೈರ್‌ವಾಲುಗಳೂ ಈಗ ತಂತ್ರಾಂಶರೂಪವನ್ನು ತಾಳಿವೆ. ಗುಮಾಸ್ತರ ಮೇಜಿನ ಡೆಸ್ಕ್‌ಟಾಪು ಸಹ ದೂರದ ಸರ್ವರಿನಲ್ಲಿ ನಡೆದು, ಎದುರಿನ ಪರದೆಯ ಮೇಲೆ ಕೇವಲ ಅದರ ಚಿತ್ರವು ಮೂಡಬಲ್ಲದು. ಆದರೆ ಹೊಸನಗರ, ತೀರ್ಥಹಳ್ಳಿಗಳ ಮಳೆಗಾಲದಲ್ಲಿ ಮರ ಉರುಳಿ ಕೇಬಲ್ಲು ಕಡಿದರೆ ಆ ಪರದೆ ಸ್ತಬ್ಧವಾಗುವುದರಿಂದ, ಇಲ್ಲಿನ ಕಚೇರಿಗಳಿಗೆ ಮೊದಲು ಬೇಕಾದುದು ಸಂಪರ್ಕದ ಎರಡನೆಯ ಮಾರ್ಗ.